ಅಂಗಿಯ ಬಣ್ಣ ನಮ್ಮೂರಿನದ್ದೇ ಇರಲಿ

ಮಾನ್ಯ ಸಂಪಾದಕರೇ,

ನಮ್ಮ ಬೆಟಗೇರಿಯ ಓಣಿಯ ಹುಡುಗರು ಈ ಸಲ ಫುಟ್‌ಬಾಲ್ ಟೀಮ್ ಕಟ್ಟಿದ್ದಾರೆ. ಪಟ್ಟಿ ಹಣ ಕೇಳಲು ಬಂದವರು ಮೊಬೈಲಿನಲ್ಲಿ ಜೆರ್ಸಿ ತೋರಿಸಿದರು. ತಿಳಿ ನೀಲಿ ಅಂಗಿ, ಎದೆಯ ಮೇಲೆ ಬಾಯಿ ತೆರೆದ ಸಿಂಹ, ಹೆಸರಿನ ಕೊನೆಗೆ ವಾರಿಯರ್ಸ್. ಈ ನೀಲಿ ಯಾಕಪ್ಪಾ ಅಂದೆ. ‘ಮ್ಯಾಂಚೆಸ್ಟರ್ ಸಿಟಿದು ಕಾಕಾ’ ಅಂದರು. ಸಿಂಹ ಯಾಕೆ ಅಂದರೆ, ಅಂಗಡಿಯಲ್ಲಿ ಅದು ರೆಡಿ ಇತ್ತಂತೆ. ಪಟ್ಟಿ ಖುಷಿಯಿಂದಲೇ ಕೊಟ್ಟೆ. ಮೊಬೈಲ್ ಬಿಟ್ಟು ಮೈದಾನಕ್ಕೆ ಇಳಿಯುವ ಹುಡುಗರಿಗೆ ಎಷ್ಟು ಕೊಟ್ಟರೂ ಕಡಿಮೆಯೇ. ಆದರೆ ಗದಗ, ಹಾವೇರಿ, ಹುಬ್ಬಳ್ಳಿ-ಧಾರವಾಡದಲ್ಲಿ ಟೀಮ್ ಕಟ್ಟುವ ಎಲ್ಲರಿಗೂ ನಿಮ್ಮ ಪತ್ರಿಕೆಯ ಮೂಲಕ ಒಂದು ಮಾತು ಹೇಳಬೇಕು ಅನಿಸಿದೆ. ಅಂಗಿಯ ಬಣ್ಣ, ಟೀಮಿನ ಅಡ್ಡಹೆಸರು ಎರಡನ್ನೂ ನಿಮ್ಮೂರಿನ ಚರಿತ್ರೆಯಿಂದಲೇ ಎತ್ತಿಕೊಳ್ಳಿ.

ಹುಡುಗರು ಮೆಚ್ಚುವ ದೊಡ್ಡ ಕ್ಲಬ್‌ಗಳು ಮಾಡಿದ್ದೂ ಇದನ್ನೇ ಅಲ್ವಾ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿನ ಅಂಗಿ ಹಾಕಿಕೊಂಡು ಹುಬ್ಬಳ್ಳಿಯಲ್ಲಿ ಓಡಾಡುವ ಹುಡುಗರು ಬೇಕಾದಷ್ಟಿದ್ದಾರೆ. ಆ ಕ್ಲಬ್ 1878ರಲ್ಲಿ ಹುಟ್ಟಿದ್ದು ರೈಲ್ವೆ ವರ್ಕ್‌ಶಾಪಿನಲ್ಲಿ. ನ್ಯೂಟನ್ ಹೀತ್ ಎಂಬಲ್ಲಿ ರೈಲು ಬೋಗಿ ಕಟ್ಟುವ, ರಿಪೇರಿ ಮಾಡುವ ಕೆಲಸಗಾರರು ಅದನ್ನು ಕಟ್ಟಿದರು. ಲ್ಯಾಂಕಾಶೈರ್ ಮತ್ತು ಯಾರ್ಕ್‌ಶೈರ್ ರೈಲ್ವೆ ಕಂಪನಿಯ ಹಸಿರು-ಹೊಂಬಣ್ಣವೇ ಅವರ ಅಂಗಿ. 1902ರಲ್ಲಿ ಹೆಸರು ಬದಲಾಯಿತು, ಕೆಂಪು ಅಂಗಿ ಬಂತು. ಹಳೇ ಬಣ್ಣ ಮಾತ್ರ ಸಾಯಲಿಲ್ಲ. 2010ರಲ್ಲಿ ಮಾಲೀಕರ ವಿರುದ್ಧ ಸಿಟ್ಟಿಗೆದ್ದ ಅಭಿಮಾನಿಗಳು ಹಸಿರು-ಹೊಂಬಣ್ಣದ ಮಫ್ಲರ್ ಸುತ್ತಿಕೊಂಡು ಸಾವಿರಗಟ್ಟಲೆ ಸ್ಟೇಡಿಯಂಗೆ ಬಂದರು. ನೂರು ವರ್ಷದ ಹಿಂದಿನ ರೈಲ್ವೆ ಕೂಲಿಗಳ ಬಣ್ಣ ಅದು. ಕ್ಲಬ್ ನಮ್ಮದು ಅಂತ ಹೇಳಲು ಅವರಿಗೆ ಅದೇ ಬೇಕಾಯಿತು.

ಈಗ ಹುಬ್ಬಳ್ಳಿ ನೋಡಿ. ಸದರ್ನ್ ಮರಾಠಾ ರೈಲ್ವೆಯ ಕಾಲದಿಂದ ಅಲ್ಲಿ ವರ್ಕ್‌ಶಾಪ್ ಇದೆ. ಇವತ್ತಿಗೂ ಅಲ್ಲಿ ಬೋಗಿ ರಿಪೇರಿಯೇ ಕೆಲಸ. ಅಜ್ಜ, ಅಪ್ಪ, ಮಗ ಮೂವರೂ ಅದೇ ಗೇಟಿನೊಳಗೆ ಡ್ಯೂಟಿಗೆ ಹೋದ ಮನೆಗಳಿವೆ. ಅಂಥ ಊರಿನ ಟೀಮಿಗೆ ಸಿಂಹ, ಡ್ರ್ಯಾಗನ್ ಯಾಕೆ ಬೇಕು? ಗಾಲಿ ಇದೆ, ಹಳಿ ಇದೆ, ಸುತ್ತಿಗೆ ಇದೆ. ಲಂಡನ್ನಿನ ವೆಸ್ಟ್ ಹ್ಯಾಮ್ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಹುಟ್ಟಿದ ಕ್ಲಬ್. ಅವರ ಲಾಂಛನದಲ್ಲಿ ಎರಡು ಸುತ್ತಿಗೆ ಇವತ್ತಿಗೂ ಇವೆ. ಜನ ಅವರನ್ನು ಹ್ಯಾಮರ್ಸ್ ಅಂತಲೇ ಕರೆಯುತ್ತಾರೆ.

ನಾನು ನೇಕಾರರ ಮನೆಯವನು. ಹಾಗಾಗಿ ನಾರ್ವಿಚ್ ಸಿಟಿಯ ಕಥೆ ನನಗೆ ಎಲ್ಲಕ್ಕಿಂತ ಹತ್ತಿರ. 1565ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ಗೆ ಈಗಿನ ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಕಡೆಯಿಂದ 30 ನೇಕಾರ ಕುಟುಂಬಗಳನ್ನು ಕರೆಸಿಕೊಂಡರು. ಊರಿನ ನೇಯ್ಗೆ ಬಿದ್ದುಹೋಗಿತ್ತು, ಅದನ್ನು ಎತ್ತಿ ನಿಲ್ಲಿಸಬೇಕಿತ್ತು. ಆಮೇಲೆ ಇನ್ನೂ ಸಾವಿರಾರು ಜನ ಬಂದರು. ಜತೆಗೆ ಪಂಜರದಲ್ಲಿ ಕ್ಯಾನರಿ ಹಕ್ಕಿ ತಂದರು ಅಂತ ಊರವರು ಹೇಳುತ್ತಾರೆ. ದಿನವಿಡೀ ಮಗ್ಗದ ಮುಂದೆ ಕೂರುವವರಿಗೆ ಹಾಡುವ ಹಕ್ಕಿ ಜತೆಯಾಯಿತು. ನಾರ್ವಿಚ್ ಅಂದರೆ ಕ್ಯಾನರಿ ಸಾಕುವ ಊರು ಅಂತ ಹೆಸರಾಯಿತು. 1902ರಲ್ಲಿ ಅಲ್ಲಿ ಕ್ಲಬ್ ಶುರುವಾದಾಗ ಅಂಗಿ ನೀಲಿ-ಬಿಳಿ ಇತ್ತು. ಆದರೆ ಜನ ಆಟಗಾರರನ್ನು ಕ್ಯಾನರಿಗಳು ಅಂತ ಕರೆಯತೊಡಗಿದರು. 1907ರಲ್ಲಿ ಕ್ಲಬ್ಬೇ ನೀಲಿ ಬಿಟ್ಟು ಹಕ್ಕಿಯ ಹಳದಿ ಹಾಕಿಕೊಂಡಿತು, ಜತೆಗೆ ಹಸಿರು. ಅಡ್ಡಹೆಸರು ಮೊದಲು, ಬಣ್ಣ ಆಮೇಲೆ. ನನಗೆ ಬಹಳ ಹಿಡಿಸಿದ್ದು ಇದೇ. ಅಲ್ಲಿ ಯಾವ ಕಮಿಟಿಯೂ ಕೂತು ಹೆಸರು ಹುಡುಕಲಿಲ್ಲ. ಬೀದಿಯಲ್ಲಿ ಇದ್ದದ್ದು ಮೈದಾನಕ್ಕೆ ಬಂತು.

ಬೆಟಗೇರಿಯಲ್ಲಿ ಏನು ಕಡಿಮೆ ಇದೆ? ಈಗ ಪವರ್‌ಲೂಮ್ ಸದ್ದೇ ಜಾಸ್ತಿ, ಆದರೂ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗದ ನೆನಪಿರುವವರು ಪ್ರತಿ ಓಣಿಯಲ್ಲೂ ಸಿಗುತ್ತಾರೆ. ಮಗ್ಗದಲ್ಲಿ ನೂಲು ಒಯ್ಯುವ ಲಾಳಿ ಆ ದಡದಿಂದ ಈ ದಡಕ್ಕೆ ಓಡಿದ ಹಾಗೆ ಚೆಂಡನ್ನು ಆಡಿಸುವ ಟೀಮಿಗೆ ‘ಲಾಳಿ’ ಅಂತ ಹೆಸರಿಟ್ಟರೆ ಎಷ್ಟು ಚೆನ್ನ! ಬಣ್ಣಕ್ಕೆ ನಮ್ಮದೇ ಜಿಲ್ಲೆಯ ಗಜೇಂದ್ರಗಡದ ಕಡೆಯ ಪಟ್ಟೇದಂಚು ಸೀರೆ ಇದೆ. ನಮ್ಮಜ್ಜಿಯದೊಂದು ಟ್ರಂಕಿನಲ್ಲಿ ಈಗಲೂ ಇದೆ. ಒಡಲು ತುಂಬ ಸಾಸಿವೆ ಹಳದಿಯ ಚೌಕಳಿ, ಎರಡೂ ಕಡೆ ಅಗಲವಾದ ಇಟ್ಟಿಗೆ ಕೆಂಪಿನ ಅಂಚು, ಸೆರಗಿಗೆ ಬರೀ ಪಟ್ಟೆ. ಜರಿ ಇಲ್ಲ, ಹೂವಿಲ್ಲ. ದಪ್ಪ ಹತ್ತಿ ನೂಲು. ಒಳಮೈ ಹೊರಮೈ ಎರಡೂ ಒಂದೇ, ಹೇಗೆ ಬೇಕಾದರೂ ಉಡಬಹುದು. ಸವದತ್ತಿ ಯಲ್ಲಮ್ಮನಿಗೆ ಉಡಿಸುತ್ತಿದ್ದ ಸೀರೆ ಇದು. ನೇಯುವವರೇ ಇಲ್ಲದಂತಾಗಿ, ಈಚೆಗೆ ಮತ್ತೆ ಮಗ್ಗಕ್ಕೆ ಏರಿದೆ. ಆ ಚೌಕಳಿಯನ್ನು ಅಂಗಿಯ ಮೇಲೆ ತಂದು, ತೋಳಿನ ತುದಿಗೆ ಆ ಕೆಂಪು ಅಂಚು ಕೊಡಿ. ಚೌಕಳಿ ಅಂಗಿ ಆಟಕ್ಕೆ ಒಪ್ಪಲ್ಲ ಅನ್ನುವವರು ಕ್ರೊಯೇಷಿಯಾ ತಂಡವನ್ನು ನೋಡಲಿ. ಅವರ ಕೆಂಪು-ಬಿಳಿ ಚೌಕಳಿ ದೇಶದ ಹಳೇ ಲಾಂಛನದ್ದು. ಟಿವಿ ಹಾಕಿದ ಕೂಡಲೇ ಯಾವ ತಂಡ ಅಂತ ಗೊತ್ತಾಗುತ್ತದೆ.

ಎಲ್ಲ ಬಣ್ಣವೂ ಊರಿನ ಮಣ್ಣಿನಿಂದಲೇ ಬಂದಿಲ್ಲ, ನಿಜ. ಆರ್ಸೆನಲ್ ಕ್ಲಬ್ಬನ್ನು 1886ರಲ್ಲಿ ವುಲಿಚ್‌ನ ಮದ್ದುಗುಂಡು ಕಾರ್ಖಾನೆಯ ಕೆಲಸಗಾರರು ಕಟ್ಟಿದರು, ಅದಕ್ಕೇ ಅವರ ಅಡ್ಡಹೆಸರು ಗನ್ನರ್ಸ್, ಅಂದರೆ ಫಿರಂಗಿಯವರು. ಕೆಂಪು ಅಂಗಿ ಮಾತ್ರ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕೊಟ್ಟದ್ದು. ಇಟಲಿಯ ಯುವೆಂಟಸ್ ಕಪ್ಪು-ಬಿಳಿ ಪಟ್ಟೆಯೂ 1903ರಲ್ಲಿ ಇಂಗ್ಲೆಂಡಿನ ನಾಟ್ಸ್ ಕೌಂಟಿಯಿಂದ ತರಿಸಿಕೊಂಡದ್ದೇ. ಆದರೆ ತಂದದ್ದನ್ನು ಅವರು ಬಿಡಲಿಲ್ಲ. ನೂರು ವರ್ಷ ಅದನ್ನೇ ಹಾಕಿಕೊಂಡು ಆಡಿ ಸ್ವಂತ ಮಾಡಿಕೊಂಡರು. ನಮ್ಮಲ್ಲಿ ಆಗದೇ ಇರುವುದು ಇದು. ಈ ವರ್ಷ ನೀಲಿ, ಮುಂದಿನ ವರ್ಷ ಹಣ ಹಾಕುವವರು ಬದಲಾದರೆ ಕೇಸರಿ, ಅದರ ಮುಂದಿನ ವರ್ಷ ಟೀಮೇ ಇರಲ್ಲ. ಹೀಗಾದರೆ ಮೈದಾನದ ಅಂಚಿನಲ್ಲಿ ನಿಂತವರು ಯಾವ ಬಣ್ಣ ನೋಡಿ ಕೂಗಬೇಕು?

ಬಣ್ಣ ಉಳಿಸಿಕೊಂಡರೆ ಜನ ಹೇಗೆ ಅದರ ಹಿಂದೆ ನಿಲ್ಲುತ್ತಾರೆ ಅನ್ನುವುದಕ್ಕೆ ಕೋಲ್ಕತ್ತ ಸಾಕ್ಷಿ. ಮೋಹನ್ ಬಾಗಾನ್ 1911ರಲ್ಲಿ ಬ್ರಿಟಿಷ್ ಸೈನಿಕರ ತಂಡವನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದ ಕ್ಲಬ್. 2020ರಲ್ಲಿ ಎಟಿಕೆ ಎಂಬ ಬೇರೆ ಕ್ಲಬ್ ಜತೆ ಸೇರಿಸಿ ಮೋಹನ್ ಬಾಗಾನ್ ಹೆಸರಿನ ಮೊದಲಿಗೆ ಎಟಿಕೆ ಅಂತ ಹಚ್ಚಿದರು. ಅಭಿಮಾನಿಗಳು ಸುಮ್ನೆ ಕೂರಲಿಲ್ಲ. 2023ರಲ್ಲಿ ಎಟಿಕೆ ಹೋಯಿತು. ಹಸಿರು-ಮರೂನ್ ಮಾತ್ರ ಮೊದಲಿನಿಂದ ಕೊನೆವರೆಗೂ ಹಾಗೇ ಇತ್ತು. ಅದರ ಎದುರಾಳಿ ಈಸ್ಟ್ ಬೆಂಗಾಲ್‌ನದು ಕೆಂಪು-ಹೊಂಬಣ್ಣ, ಲಾಂಛನ ಪಂಜು. ದೇಶ ಒಡೆದಾಗ ಮನೆ-ಮಠ ಬಿಟ್ಟು ಬಂದ ಲಕ್ಷಾಂತರ ಜನ ಆ ಅಂಗಿಯಲ್ಲಿ ತಮ್ಮ ಊರನ್ನು ಕಂಡರು.

ಹಾವೇರಿ ಕಡೆಯವರಿಗೆ ಕೆಂಪು ಬೇಕಾದರೆ ಮ್ಯಾಂಚೆಸ್ಟರಿಗೆ ಹೋಗುವುದೇ ಬೇಡ. ಬ್ಯಾಡಗಿ ಮೆಣಸಿನಕಾಯಿ ಇದೆಯಲ್ಲ! ಖಾರ ಕಡಿಮೆ, ಬಣ್ಣ ಕಡು ಕೆಂಪು. ಆ ಬಣ್ಣಕ್ಕಾಗಿಯೇ ಎಲ್ಲೆಲ್ಲಿಂದಲೋ ವ್ಯಾಪಾರಿಗಳು ಬ್ಯಾಡಗಿ ಮಾರ್ಕೆಟ್ಟಿಗೆ ಬರುತ್ತಾರೆ. ಶಿರಹಟ್ಟಿ ಕಡೆಯವರಿಗೆ ಮಾಗಡಿ ಕೆರೆ ಇದೆ. ಪ್ರತಿ ಚಳಿಗಾಲ ಹಿಮಾಲಯ ದಾಟಿ ಅಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬೂದುಬಣ್ಣದ ಮೈ, ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ. ಬೂದು ಅಂಗಿಯ ಹೆಗಲಿಗೆ ಆ ಎರಡು ಪಟ್ಟೆ ಎಳೆದರೆ ಸಾಕು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ, ಅದಕ್ಕೆ ಬೇಕಾದ ಖಾದಿ ಧಾರವಾಡದ ಗರಗದಲ್ಲೂ ನೇಯ್ದದ್ದು. ಹಾಗಂತ ತ್ರಿವರ್ಣವನ್ನೇ ಜೆರ್ಸಿ ಮಾಡುವುದು ಬೇಡ, ಅದು ಇಡೀ ದೇಶದ್ದು. ಎದೆಯ ಮೇಲೆ ಒಂದು ಚರಕ ಇರಲಿ.

ಇದಕ್ಕೆ ಖರ್ಚು ಜಾಸ್ತಿ ಅನ್ನುವ ಮಾತೂ ನಿಲ್ಲುವುದಿಲ್ಲ. ಈಗ ಜೆರ್ಸಿಗಳಿಗೆ ಸಬ್ಲಿಮೇಷನ್ ಪ್ರಿಂಟ್, ಅಂದರೆ ಬಿಸಿ ಕೊಟ್ಟು ಬಣ್ಣವನ್ನು ಬಟ್ಟೆಗೆ ಇಳಿಸುವ ಅಚ್ಚು, ಹಾಕುತ್ತಾರೆ. ಸಿಂಹ ಅಚ್ಚಾಗುವ ಜಾಗದಲ್ಲೇ ಚೌಕಳಿಯೂ ಅಚ್ಚಾಗುತ್ತದೆ. ಡಿಸೈನ್ ಮಾಡಿಕೊಡಲು ಮುದ್ರಣಕ್ಕೆ ಹೆಸರಾದ ಗದಗಿನಲ್ಲಿ ಜನ ಸಿಗಲ್ವಾ? ಇನ್ನು ದುಡ್ಡು. 1905ರಲ್ಲಿ ಕಣಗಿನಹಾಳದಲ್ಲಿ ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದ ಜಿಲ್ಲೆ ನಮ್ಮದು. ಮನೆಗೆ ಇಷ್ಟು ಅಂತ ಪಟ್ಟಿ ಹಾಕಿ, ಕೊಟ್ಟವರನ್ನೆಲ್ಲ ಸದಸ್ಯರನ್ನಾಗಿ ಮಾಡಿಕೊಂಡು ಓಣಿಯೇ ಟೀಮ್ ನಡೆಸಬಹುದು. ಆಗ ಯಾರೋ ಒಬ್ಬರ ಮರ್ಜಿಗೆ ಬಣ್ಣ ಬದಲಾಗುವುದಿಲ್ಲ.

ಟೂರ್ನಿ ನಡೆಸುವವರಲ್ಲೂ ಒಂದು ವಿನಂತಿ. ಪ್ರಾಯೋಜಕರ ಹೆಸರು ಅಂಗಿಯ ಬೆನ್ನಿಗೆ ಇರಲಿ, ಎದೆ ಊರಿಗೆ ಬಿಡಿ. ಟೀಮ್ ಹೆಸರು ಬರೆಸಿಕೊಳ್ಳುವಾಗ ಆ ಹೆಸರು, ಆ ಬಣ್ಣ ಯಾಕೆ ಅಂತ ಎರಡು ಸಾಲು ಬರೆಸಿಕೊಳ್ಳಿ. ಆಟಕ್ಕೆ ಮೊದಲು ಮೈಕಿನಲ್ಲಿ ಅದನ್ನು ಓದಿ. ಒಮ್ಮೆ ಬರೆಸಿದ ಬಣ್ಣವನ್ನು ಕನಿಷ್ಠ ಐದು ವರ್ಷ ಬದಲಿಸುವಂತಿಲ್ಲ ಅಂತ ನಿಯಮ ಮಾಡಿ.

ಇಂತಿ,
ನೇಕಾರ ಕುಟುಂಬದ ಒಬ್ಬ ಓದುಗ
ಬೆಟಗೇರಿ, ಗದಗ