ನೇಪಾಳ ಯಾತ್ರೆ: ಗುರುತಿನ ಚೀಟಿ ವಿಷಯ, ಎಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರ, ಚಿಂತಾಮಣಿಯಿಂದ ಮುಕ್ತಿನಾಥಕ್ಕೆ ಹೊರಟಿರುವವರು ಇವತ್ತೇ ಬೀರು ತೆಗೆದು ನೋಡಿಕೊಳ್ಳಿ. ವಿಮಾನ ಹತ್ತಲು ಪಾಸ್‌ಪೋರ್ಟ್ ಇಲ್ಲವೇ ಚುನಾವಣಾ ಆಯೋಗದ ಮತದಾರರ ಚೀಟಿ ಬೇಕು. ಬರೀ ಆಧಾರ್ ಸಾಲದು. 65 ದಾಟಿದ ಹಿರಿಯರಿಗೆ, 15ರೊಳಗಿನ ಮಕ್ಕಳಿಗೆ ಮಾತ್ರ ಆಧಾರ್‌ನಂಥ ಫೋಟೊ ಇರುವ ಚೀಟಿ ನಡೆಯುತ್ತದೆ.

ಅಲ್ಲಿ ಹೋದ ಮೇಲೆ ಕಳೆದರೆ? ಹೋದ ಸಲ ಪಶುಪತಿನಾಥನ ಗುಡಿ ಮುಂದೆ ನಮ್ಮ ದೊಡ್ಡಮ್ಮನ ಕೈಚೀಲವೇ ಹೋಯಿತು. ಪಾಪ, ಚಪ್ಪಲಿ ಬಿಟ್ಟ ಜಾಗದಲ್ಲೇ ಕೂತು ಅತ್ತುಬಿಟ್ಟರು. ಪೊಲೀಸರಿಗೆ ದೂರು ಕೊಟ್ಟು, ಅದರ ಪ್ರತಿ ಹಿಡಿದು ಕಠ್ಮಂಡುವಿನ ಲೈಂಚೌರ್‌ನಲ್ಲಿರುವ ನಮ್ಮ ದೇಶದ ರಾಯಭಾರ ಕಚೇರಿಗೆ ಹೋದೆವು. ಅಲ್ಲಿ ತುರ್ತು ಪ್ರಮಾಣಪತ್ರ ಕೊಡುತ್ತಾರೆ. ಅದು ಭಾರತಕ್ಕೆ ವಾಪಸು ಬರಲು ಮಾತ್ರ, ಒಂದೇ ಸಲಕ್ಕೆ. ಮೊಬೈಲಿನಲ್ಲಿದ್ದ ಚೀಟಿಯ ಫೋಟೊ, ಸೂಟ್‌ಕೇಸಿನಲ್ಲಿದ್ದ ಎರಡು ಭಾವಚಿತ್ರ ಅವತ್ತು ನಮ್ಮ ಕೈ ಹಿಡಿದವು.

ನೀವೂ ಚೀಟಿಯ ಎರಡೂ ಬದಿಯ ಫೋಟೊ ತೆಗೆದು ಮನೆಯವರಿಗೆ ಕಳಿಸಿಡಿ. ಈ ಗುಂಪಿಗೆ ಮಾತ್ರ ಹಾಕಬೇಡಿ. ಭಾವಚಿತ್ರಗಳನ್ನು ಬೇರೆ ಬ್ಯಾಗಿನಲ್ಲಿಡಿ.

ಮತದಾರರ ಚೀಟಿ ಸಿಗದವರು, ಹೆಸರು ತಪ್ಪಿರುವವರು ಸಂಜೆಯೊಳಗೆ ನನಗೆ ಫೋನ್ ಮಾಡಿ. ಅದು ಸರಿಹೋಗದೆ ಟಿಕೆಟ್ ಮಾಡಿಸುವುದು ಬೇಡ.