ಹಸ್ತ ಮಳೆಯ ಹೊತ್ತಿಗೆ ಮಗಳಿಗೊಂದು ಪತ್ರ

ಬಾರ್ಕೂರು

ಪ್ರೀತಿಯ ಮಗಾ,

ಮೊನ್ನೆ ಫೋನಿನಲ್ಲಿ "ಮತ್ತೆಂತ ವಿಶೇಷ ಅಪ್ಪ?" ಅಂತ ಕೇಳಿದೆ. "ಎಂತ ಇಲ್ಲ, ಎಲ್ಲ ಹಾಗೇ" ಅಂದೆ. ಆಮೇಲೆ ಜಗಲಿಯಲ್ಲಿ ಕೂತು ನೋಡಿದರೆ ವಿಶೇಷ ಬೇಕಾದಷ್ಟಿತ್ತು. ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸುದ್ದಿ ಬಿಸಿಲಿನದ್ದು. ಹಸ್ತ ಮಳೆ ಶುರುವಾಗಿದೆ. ಆದರೆ ಅದು ಬರುವುದು ಮಧ್ಯಾಹ್ನ ಕಳೆದ ಮೇಲೆ, ಗುಡುಗಿನ ಜೊತೆ. ಬೆಳಗಿನಿಂದ ಊಟದ ಹೊತ್ತಿನವರೆಗೆ ಒಳ್ಳೆ ಬಿಸಿಲು. ಜೂನ್‌ನಿಂದ ಒಂದು ಬಟ್ಟೆ ಸರಿಯಾಗಿ ಒಣಗಿರಲಿಲ್ಲ, ನಿನಗೆ ಗೊತ್ತಲ್ವಾ. ನಿನ್ನೆ ಅಮ್ಮ ಹಾಸಿಗೆ, ದಿಂಬು, ಕಂಬಳಿ, ಚಾಪೆ ಎಲ್ಲವನ್ನೂ ಹೊರಗೆ ಹಾಕಿದಳು. ಜಾರಬಾರದೆಂದು ಅಂಗಳಕ್ಕೆ ಹಾಸಿದ್ದ ಅಡಿಕೆ ಸೋಗೆ ತೆಗೆದಾಯಿತು. ಅದರಡಿಯ ಹಾವಸೆ ಒಣಗಿ ಹಕ್ಕಳೆಯಾಗಿ ಏಳುತ್ತಿದೆ. ರಾತ್ರಿ ದಿಂಬಿಗೆ ತಲೆಯಿಟ್ಟರೆ ಮಳೆಗಾಲದ ಮುಗ್ಗಲು ವಾಸನೆ ಇಲ್ಲ. ಬಿಸಿಲು ಬಿದ್ದ ಹತ್ತಿಯ ಬೆಚ್ಚನೆಯ ವಾಸನೆ. ನಾನು ಮಲಗಿ ಎರಡು ನಿಮಿಷ ಸುಮ್ನೆ ಅದನ್ನೇ ಮೂಸುತ್ತಿದ್ದೆ.

ಗದ್ದೆಗೆ ಕದಿರು ಬಂದಿದೆ. ಈ ಸಲವೂ ಎಂಒ-4 ತಳಿಯ ಭತ್ತ. ಒಂದು ಕಾಳು ಹಿಚುಕಿದರೆ ಬೆರಳಿಗೆ ಬಿಳೀ ಹಾಲು ಅಂಟುತ್ತದೆ. ಇನ್ನು ಕೆಲವು ದಿನಕ್ಕೆ ಅದು ಗಟ್ಟಿಯಾಗಿ, ಕದಿರು ತೂಕಕ್ಕೆ ಬಾಗುತ್ತದೆ. ಬೆಳಿಗ್ಗೆ ಅಂಚಿನ ಮೇಲೆ ನಡೆದರೆ ಇಬ್ಬನಿಗೆ ಮೊಣಕಾಲಿನವರೆಗೆ ಲುಂಗಿ ಒದ್ದೆ. ಗಿಳಿಗಳೂ ಬಂದಿವೆ. ಓಡಿಸಬೇಕು, ನಿಜ. ಆದರೂ ಅಷ್ಟೊಂದು ಹಸಿರು ಒಟ್ಟಿಗೆ ಎದ್ದು ಹಾರುವುದನ್ನು ನೋಡದೆ ಓಡಿಸುವುದು ನನ್ನಿಂದಾಗದು.

ಅದೇ ಗದ್ದೆಯ ಮೇಲೆ ಸಂಜೆ ಏರೋಪ್ಲೇನ್ ಚಿಟ್ಟೆಗಳ ಹಿಂಡು. ಸಣ್ಣವಳಿದ್ದಾಗ ನೀನು ಅವುಗಳ ಹಿಂದೆ ಓಡಿ ತೋಡಿಗೆ ಬಿದ್ದದ್ದು ನೆನಪಿದೆಯಾ? ಅವುಗಳ ಬಗ್ಗೆ ಓದಿದ್ದನ್ನು ನಿನಗೆ ಹೇಳಲೇಬೇಕು. ಮಾಲ್ದೀವ್ಸ್‌ನಲ್ಲಿದ್ದ ಚಾರ್ಲ್ಸ್ ಆಂಡರ್ಸನ್ ಎಂಬ ಜೀವವಿಜ್ಞಾನಿ 2009ರಲ್ಲಿ ಇದನ್ನು ಬರೆದರು. ಪ್ರತಿ ವರ್ಷ ಅಕ್ಟೋಬರ್ ಹೊತ್ತಿಗೆ ಆ ದ್ವೀಪಗಳಿಗೆ ಈ ಚಿಟ್ಟೆಗಳು ರಾಶಿರಾಶಿಯಾಗಿ ಬಂದಿಳಿಯುತ್ತವೆ. ಅಲ್ಲಿ ಮೊಟ್ಟೆಯಿಡಲು ಸಿಹಿನೀರಿನ ಕೆರೆ, ಹೊಂಡಗಳು ಇಲ್ಲವೆನ್ನುವಷ್ಟು ಕಡಿಮೆ. ಹಾಗಿದ್ದರೆ ಬಂದದ್ದೆಲ್ಲಿಂದ? ಗಾಳಿಯ ದಿಕ್ಕು, ಬರುವ ಸಮಯ ಎಲ್ಲ ಹೊಂದಿಸಿ ನೋಡಿ, ಇವು ಭಾರತದಿಂದ ಸಮುದ್ರ ದಾಟಿ ಬಂದು ಮುಂದೆ ಆಫ್ರಿಕಕ್ಕೆ ಹೋಗುತ್ತವೆ ಎಂದರು. ಬೆರಳುದ್ದದ ಜೀವ! ನಮ್ಮ ಗದ್ದೆಯ ನೀರಿನಲ್ಲಿ ಹುಟ್ಟಿದ ಒಂದಾದರೂ ಆ ಹಿಂಡಿನಲ್ಲಿರಬಹುದು ಎಂದು ನನಗೆ ಆಸೆ. ಈಗ ಸಂಜೆ ಅವು ಪಡುವಣ ಕಡೆಗೆ ತಿರುಗಿದರೆ ನಾನೂ ನಿಂತು ನೋಡುತ್ತೇನೆ.

ಸೀತಾ ನದಿ ತಿಳಿಯಾಗುತ್ತಿದೆ. ಜುಲೈಯಲ್ಲಿ ಆಗುಂಬೆ ಕಡೆಯ ಘಟ್ಟದಿಂದ ಕೆಂಪು ನೀರು ಹೊತ್ತು ಬರುತ್ತಿದ್ದ ಹೊಳೆ ಈಗ ಆಕಾಶ ತೋರಿಸುತ್ತಿದೆ. ಗಾಳಿಯಲ್ಲಿ ಧೂಳಿಲ್ಲದ್ದರಿಂದ ಬೆಳಿಗ್ಗೆ ಮೂಡಣದಲ್ಲಿ ಘಟ್ಟದ ಸಾಲೂ ಗೆರೆ ಎಳೆದ ಹಾಗೆ ಕಾಣುತ್ತದೆ. ಮಲ್ಪೆಯ ಬೋಟುಗಳು ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧ ಮುಗಿಸಿ ಕಡಲಿಗೆ ಹೋದದ್ದೇ, ಈಗ ಬಂಗುಡೆ ಧಾರಾಳ. ಅಮ್ಮನ ಬಂಗುಡೆ ಪುಳಿಮುಂಚಿಯ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ನಿನಗೆ ಹೊಟ್ಟೆ ಉರಿಯಬಾರದು.

ಇನ್ನು ಹೊಸ್ತು, ನಮ್ಮ ಹೊಸ ಅಕ್ಕಿ ಊಟದ ಹಬ್ಬ. ವಿಜಯದಶಮಿಯ ದಿನ ಮಾಡುವುದು ಎಂದು ಮಾತಾಗಿದೆ. ಬೆಳಿಗ್ಗೆ ನಾನು ಗದ್ದೆಯಿಂದ ಕದಿರು ಕೊಯ್ದು ತರುತ್ತೇನೆ. ಮಾವು, ಹಲಸು, ಬಿದಿರಿನ ಎಲೆಯಲ್ಲಿ ಸುತ್ತಿ ನಾರಿನಿಂದ ಕಟ್ಟುವ ಕೆಲಸ ಅಜ್ಜಿಯದ್ದೇ. ಅವರ ಬೆರಳು ಈಗ ನಡುಗುತ್ತದೆ, ಆದರೂ ಇನ್ನೊಬ್ಬರಿಗೆ ಕೊಡುವುದಿಲ್ಲ. ಮನೆಯ ಕಂಬಕ್ಕೆ, ಬಾವಿಗೆ, ಹಟ್ಟಿಗೆ, ತೆಂಗಿನ ಮರಕ್ಕೆ, ನನ್ನ ಬೈಕಿಗೆ ಕೂಡ ಕದಿರು ಕಟ್ಟಬೇಕು. ಹೊಸ ಭತ್ತವನ್ನು ಉಗುರಿನಲ್ಲೇ ಸುಲಿದು ನಾಲ್ಕು ಅಕ್ಕಿ ಅನ್ನಕ್ಕೆ, ನಾಲ್ಕು ಪಾಯಸಕ್ಕೆ. ಪಲ್ಯಕ್ಕೆ ಹಿತ್ತಿಲಿನ ಹರಿವೆ ದಂಟು, ಅಲಸಂಡೆ, ಬೆಂಡೆ ಇವೆ.

ಎಲೆಯ ಮುಂದೆ ಕೂತ ಮೇಲೆ ಕಿರಿಯರು ಹಿರಿಯರನ್ನು ಒಬ್ಬೊಬ್ಬರಾಗಿ ಕರೆದು "ಹೊಸತು ಉಣ್ತೇನೆ" ಅಂತ ಹೇಳಬೇಕಲ್ವಾ, ಅದು ನನಗೆ ಈ ಊಟದಲ್ಲಿ ಎಲ್ಲಕ್ಕಿಂತ ಇಷ್ಟ. ನಾನು ಅಜ್ಜಿಗೆ ಹೇಳುತ್ತೇನೆ, ಅಮ್ಮನೂ ಹೇಳುತ್ತಾಳೆ. ನಮಗೆ ಹೇಳಬೇಕಾದವಳು ನೀನು. ಕಳೆದ ವರ್ಷ ಫೋನಿನಲ್ಲಿ ಹೇಳಿದೆ. ಈ ವರ್ಷ ಪಕ್ಕದ ಎಲೆಯಿಂದ ಕೇಳಬೇಕು.

ಹಬ್ಬದ ಬಸ್ಸಿಗೆ ದುಡ್ಡು ಜಾಸ್ತಿ ಕೇಳುತ್ತಾರೆ. ಪಂಚಗಂಗಾ ರೈಲಿನಲ್ಲಿ ಸೀಟು ಇದೆಯಾ ನೋಡು. ಬೆಳಿಗ್ಗೆ ಉಡುಪಿಯಲ್ಲಿ ಇಳಿ, ನಾನು ಸ್ಟೇಷನ್ನಿಗೆ ಬರುತ್ತೇನೆ. ಬರುವಾಗ ಪಲ್ಯದ ಖಾಲಿ ಡಬ್ಬಗಳನ್ನು ತಾ ಅಂತ ಅಮ್ಮ ಹೇಳಿದ್ದಾಳೆ.

ಇಂತಿ,
ನಿನ್ನ ಅಪ್ಪ