ಶಾಲೆ ಮುಂದಿನ ಹೆದ್ದಾರಿ ಮತ್ತು ಗೋಡೆ ಮೊಳೆಗೆ ನೇತಾಡುವ ಕೀ: ಪೋಷಕರಿಗೆ ಒಂದು ಪತ್ರ

ಪ್ರೀತಿಯ ಪೋಷಕರೇ, ನಮಸ್ಕಾರ.

ಹೋದ ಶನಿವಾರದ ಸಭೆ ಜಗಳದಲ್ಲಿ ಮುಗಿಯಿತು ಅಂತ ಕೆಲವರಿಗೆ ಬೇಸರ. ನನಗೆ ಇಲ್ಲ. ಫಲಿತಾಂಶ, ಸಮವಸ್ತ್ರ ಅಂತ ಕರೆದರೆ ಇಪ್ಪತ್ತು ಜನ ಬರುವುದು ಕಷ್ಟ. ಅವತ್ತು ಕುರ್ಚಿ ಸಾಲದೆ ಒಂಬತ್ತನೇ ತರಗತಿಯ ಬೆಂಚು ತರಿಸಬೇಕಾಯಿತು.

ಕಾರಣ ಎಲ್ಲರಿಗೂ ಗೊತ್ತು. ಮಳೆ ಹಿಡಿದ ಮೊದಲ ವಾರ ನಮ್ಮ ಎಂಟನೇ ತರಗತಿ ಹುಡುಗಿಯೊಬ್ಬಳು ರಸ್ತೆ ದಾಟುವಾಗ ಕಾರೊಂದು ಕಿರ್ರೆಂದು ಜಾರುತ್ತಾ ಬಂದು ನಿಂತಿತು. ಮಗುವಿಗೆ ಏನೂ ಆಗಲಿಲ್ಲ. ಕೊಡೆ ಮಾತ್ರ ಚಕ್ರದಡಿ ಹೋಯಿತು. ಆ ಮುರಿದ ಕೊಡೆಯನ್ನು ಅವಳ ಅಜ್ಜಿ ಸಭೆಗೆ ತಂದು ನನ್ನ ಮೇಜಿನ ಮೇಲಿಟ್ಟರು. ಮಾತು ಶುರುವಾಗಿದ್ದು ಅಲ್ಲಿಂದ.

ಅರ್ಧ ಜನ ಹೇಳಿದ್ದು: "ಕ್ಯಾಮೆರಾ ಹಾಕ್ಸಿ, ದಂಡ ಬಿದ್ರೆ ತನ್ನಿಂದ ತಾನೇ ಬುದ್ಧಿ ಬರ್ತದೆ." ಉಳಿದರ್ಧ ಜನ: "ದಂಡದಿಂದ ಏನಾಗ್ತದೆ ಅಕ್ಕೋರೇ? ನಮ್ಮವರಿಗೆ ಗಾಡಿ ಹೊಡಿಲಿಕ್ಕೇ ಸರಿಯಾಗಿ ಬರೂದಿಲ್ಲ. ಶಾಲೆಯಲ್ಲೇ ಕಲಿಸಿ." ನೀವು ಏನಂತೀರಿ ಅಂತ ಇಬ್ಬರೂ ನನ್ನ ಕಡೆ ನೋಡಿದರು. ಅವತ್ತು ಸರಿಯಾಗಿ ಉತ್ತರ ಕೊಡಲಿಲ್ಲ. ಈಗ ಕೊಡುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ನನ್ನ ಕಸುಬೇ ಕಲಿಸುವುದು. ಹಾಗಾಗಿ ಕಲಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರ ಸಾಲಿನಲ್ಲಿ ನಾನೇ ಮೊದಲು ನಿಲ್ಲಬೇಕಿತ್ತು. ನಿಂತಿದ್ದೆ ಕೂಡ. ಕೆಲವು ವರ್ಷಗಳ ಹಿಂದೆ ಇದೇ ಶಾಲೆಯಲ್ಲಿ ಎರಡು ದಿನದ ರಸ್ತೆ ಸುರಕ್ಷತಾ ಶಿಬಿರ ಮಾಡಿಸಿದ್ದೆ. ಚಿಹ್ನೆಗಳ ಪರಿಚಯ, ಬ್ರೇಕ್ ಹಿಡಿಯುವ ರೀತಿ, ಹತ್ತನೇ ತರಗತಿಯವರಿಗೆ ಮೈದಾನದಲ್ಲಿ ಸ್ಕೂಟರ್ ಮೇಲೆ ಎಂಟರ ಆಕಾರ ಸುತ್ತುವ ಅಭ್ಯಾಸ. ಕೊನೆಗೆ ಎಲ್ಲರಿಗೂ ಸರ್ಟಿಫಿಕೇಟ್, ಫೋಟೊ, ಅವಲಕ್ಕಿ, ಚಹಾ. ನನಗೆ ಬಹಳ ಹೆಮ್ಮೆ. ಒಂದು ತಿಂಗಳು ಕಳೆಯಿತು. ಗೇಟಿನಾಚೆ ಗೂಡಂಗಡಿ ಹಿಂದಿನ ಮಾವಿನ ಮರದಡಿ ಮೊದಲು ನಾಲ್ಕು ಗಾಡಿ ನಿಲ್ಲುತ್ತಿದ್ದವು, ಆಗ ಒಂಬತ್ತಾದವು. ಒಬ್ಬನನ್ನು ಹಿಡಿದು ಕೇಳಿದೆ. "ಅಕ್ಕೋರೇ, ನಂಗೆ ಸರ್ಟಿಫಿಕೇಟ್ ಉಂಟಲ್ಲ!" ಅಂದ. ಅದರ ಕೆಳಗೆ ನನ್ನದೇ ಸಹಿ.

ನಮ್ಮೂರಲ್ಲಿ ಮಾತ್ರ ಹೀಗೆ ಅಂದುಕೊಂಡಿದ್ದೆ. ಆಮೇಲೆ ಓದಿದಾಗ ಗೊತ್ತಾಯಿತು, ದೊಡ್ಡ ದೊಡ್ಡ ದೇಶಗಳಲ್ಲೂ ಇದೇ ಕಥೆ. ಅಮೆರಿಕದ ಜಾರ್ಜಿಯಾ ರಾಜ್ಯದ ಡಿಕಾಲ್ಬ್ ಎಂಬ ಕಡೆ, ಸುಮಾರು ನಾಲ್ಕು ದಶಕಗಳ ಹಿಂದೆ, 16,000ದಷ್ಟು ಹೈಸ್ಕೂಲ್ ಮಕ್ಕಳನ್ನು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಭರ್ಜರಿ ಚಾಲನಾ ತರಬೇತಿ, ಇನ್ನೊಂದಕ್ಕೆ ಸಾಧಾರಣ, ಮತ್ತೊಂದಕ್ಕೆ ಶಾಲೆಯಿಂದ ಏನೂ ಇಲ್ಲ. ಶುರುವಿನಲ್ಲಿ ಸ್ವಲ್ಪ ವ್ಯತ್ಯಾಸ ಕಂಡಿತು. ದಿನ ಕಳೆದಂತೆ ಅದೂ ಮಾಯವಾಯಿತು. ನಾರ್ವೆಯಲ್ಲಿ ಇನ್ನೂ ವಿಚಿತ್ರ. ಅಲ್ಲಿ ಹಿಮ ಬಿದ್ದ ರಸ್ತೆ ಜಾರುತ್ತದೆ ಅಂತ, ಜಾರಿದ ಗಾಡಿಯನ್ನು ಹತೋಟಿಗೆ ತರುವುದನ್ನು ಹೊಸ ಚಾಲಕರಿಗೆ ಕಡ್ಡಾಯವಾಗಿ ಕಲಿಸಿದರು. ಆಮೇಲೆ ಲೆಕ್ಕ ಹಾಕಿದರೆ ಜಾರುವ ರಸ್ತೆಯಲ್ಲಿ ಹುಡುಗರ ಅಪಘಾತ ಜಾಸ್ತಿಯೇ ಆಗಿತ್ತು. ಜಾರಿದರೂ ಸಂಭಾಳಿಸುತ್ತೇನೆ ಅನ್ನುವ ಧೈರ್ಯ ಬಂದವನು ಆ ಧೈರ್ಯವನ್ನು ನಿಧಾನಕ್ಕೆ ಹೋಗಲು ಬಳಸುತ್ತಾನೆಯೇ? ಹುಡುಗರನ್ನು ಸಾಕಿದ ನಿಮಗೆ ನಾನು ಹೇಳಬೇಕಾ?

ಗೊತ್ತಿಲ್ಲದ್ದಕ್ಕೆ ಅಪಘಾತ ಆಗುತ್ತದೆ ಎನ್ನುವ ಮಾತನ್ನೇ ನಾನೀಗ ಪೂರ್ತಿ ನಂಬುವುದಿಲ್ಲ. ಅರಬೈಲ್ ಘಟ್ಟ ಇಳಿಯುವಾಗ ನ್ಯೂಟ್ರಲ್ ಹಾಕಬಾರದು ಅಂತ ಗೊತ್ತಿಲ್ಲದ ಲಾರಿ ಚಾಲಕ ಈ ಜಿಲ್ಲೆಯಲ್ಲಿ ಇದ್ದಾನೆಯೇ? ಡೀಸೆಲ್ ಉಳಿಯುತ್ತದೆ ಅಂತ ಹಾಕುವವರು ಹಾಕುತ್ತಾರೆ. 2025ರ ಜನವರಿ 22ರ ನಸುಕಿನಲ್ಲಿ ಯಲ್ಲಾಪುರದ ಬಳಿ ಲಾರಿಯೊಂದು ಕಂದಕಕ್ಕೆ ಬಿದ್ದು, ಕುಮಟೆಯ ಬುಧವಾರದ ಸಂತೆಗೆ ಬರುತ್ತಿದ್ದ ಸವಣೂರಿನ ತರಕಾರಿ ವ್ಯಾಪಾರಿಗಳು ತೀರಿಹೋದರು. ಸರಕಿನ ಲಾರಿಯಲ್ಲಿ ಜನರನ್ನು ಕೂರಿಸಬಾರದು ಅನ್ನುವುದು ಯಾರಿಗೂ ಗೊತ್ತಿಲ್ಲದ ಗುಟ್ಟಲ್ಲ. ಬೇರೆ ಗಾಡಿ ಇಲ್ಲ, ಬಾಡಿಗೆ ಕಡಿಮೆ, ತಡೆಯುವವರಿಲ್ಲ. ಇಷ್ಟಿದ್ದರೆ ತಿಳಿವಳಿಕೆ ಮೂಲೆಯಲ್ಲಿ ಕೂತುಕೊಳ್ಳುತ್ತದೆ.

ಈಗ ವೇಗದ ವಿಷಯ. ಇಲ್ಲಿ ಸುಮ್ನೆ ಮಾತಾಡುವ ಬದಲು ನಮ್ಮ ವಿಜ್ಞಾನ ಮಾಸ್ತರು ಒಂದು ಕೆಲಸ ಮಾಡಿದರು. ಒಂಬತ್ತನೇ ತರಗತಿಯ ಚಲನೆಯ ಪಾಠದ ಸೂತ್ರವನ್ನೇ ತೆಗೆದುಕೊಂಡು, ಒದ್ದೆ ರಸ್ತೆ ಅಂತ ಇಟ್ಟುಕೊಂಡು, ಮಕ್ಕಳಿಂದಲೇ ಮೈದಾನದಲ್ಲಿ ಸುಣ್ಣದ ಗೆರೆ ಹಾಕಿಸಿದರು. ಎದುರಿಗೆ ಏನೋ ಬಂತು ಅಂತ ತಲೆಗೆ ಹೊಳೆದು ಬ್ರೇಕಿಗೆ ಕಾಲು ಹೋಗಲು ಒಂದು ಸೆಕೆಂಡ್ ಅಂತ ಲೆಕ್ಕ. ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ಗಾಡಿ ಸುಮಾರು 23 ಮೀಟರಿಗೆ ನಿಲ್ಲುತ್ತದೆ. 60ರಲ್ಲಿದ್ದರೆ 44 ಮೀಟರ್. 80ಕ್ಕೆ 71 ಮೀಟರ್ ಬೇಕು. ಆ ಗೆರೆ ಎಳೆಯಲು ನಮ್ಮ ಮೈದಾನ ಸಾಲದೆ ಮಕ್ಕಳು ಹಿಂದಿನ ಗದ್ದೆಯ ಬದುವಿಗೆ ಇಳಿದರು.

ಒಬ್ಬ ಹುಡುಗಿ ಕೇಳಿದ ಪ್ರಶ್ನೆ ಎಲ್ಲಕ್ಕಿಂತ ಚೆನ್ನಾಗಿತ್ತು. "ಸರ್, 40ರ ಗಾಡಿ ನಿಂತ ಜಾಗದಲ್ಲಿ 60ರ ಗಾಡಿ ಎಷ್ಟರಲ್ಲಿ ಇರ್ತದೆ?" ಎಲ್ಲರೂ ಇಪ್ಪತ್ತು, ಹೆಚ್ಚೆಂದರೆ ಮೂವತ್ತು ಅಂದರು. ಬೋರ್ಡಿನ ಮೇಲೆ ಲೆಕ್ಕ ಮಾಡಿದರೆ ಬಂದ ಉತ್ತರ 52. ಒಂದು ಗಾಡಿ ಪೂರ್ತಿ ನಿಂತಿದೆ. ಇನ್ನೊಂದು ಆಗಷ್ಟೇ ಬ್ರೇಕ್ ಹಿಡಿದು, ಇನ್ನೂ 52ರಲ್ಲಿ ಓಡುತ್ತಿದೆ. ತರಗತಿ ಒಂದು ಗಳಿಗೆ ಸುಮ್ಮನಾಯಿತಂತೆ. ನಾನೂ ಆ ಲೆಕ್ಕವನ್ನು ಮನೆಯಲ್ಲಿ ಎರಡು ಸಲ ಮಾಡಿ ನೋಡಿದೆ. ಸರಿಯಾಗಿಯೇ ಇದೆ. ಆ ಎರಡು ಗಾಡಿಗಳಲ್ಲಿ ಯಾವ ಚಾಲಕ ಹೆಚ್ಚು ಕಲಿತವನು ಅನ್ನುವುದು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ, ನೋಡಿ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಇದನ್ನೇ. ಸರಾಸರಿ ವೇಗ ಶೇ. 1 ಏರಿದರೆ ಸಾವು ತರುವ ಅಪಘಾತದ ಸಂಭವ ಶೇ. 4ರಷ್ಟು ಏರುತ್ತದೆ. ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ಶೇ. 71ರಷ್ಟು ಅತಿವೇಗದ ಲೆಕ್ಕಕ್ಕೆ ಹೋಗಿದೆ. ಈ ಶೇ. 71ನ್ನು ಕಣ್ಣು ಮುಚ್ಚಿ ನಂಬಬಾರದು. ನಮ್ಮಲ್ಲಿ ಎಫ್‌ಐಆರ್ ಬರೆಯುವಾಗ "ಅತಿವೇಗ ಮತ್ತು ನಿರ್ಲಕ್ಷ್ಯತನದಿಂದ" ಅನ್ನುವುದು ರೂಢಿಯಿಂದಲೇ ಬಂದುಬಿಡುತ್ತದೆ. ರಸ್ತೆಯ ಹೊಂಡ, ಕತ್ತಲೆ, ತಪ್ಪಾಗಿ ಇಟ್ಟ ತಿರುವು ಎಲ್ಲ ಆ ಒಂದು ಸಾಲಿನಡಿ ಮುಚ್ಚಿಹೋಗುತ್ತವೆ. ಹಾಗಿದ್ದರೂ ಮೈದಾನದ ಸುಣ್ಣದ ಗೆರೆ ಸುಳ್ಳು ಹೇಳುವುದಿಲ್ಲ.

ಕ್ಯಾಮೆರಾದಿಂದ ನಿಜಕ್ಕೂ ಉಪಯೋಗ ಉಂಟಾ ಅಂತ ಕೇಳಿದವರಿಗೆ ಎರಡು ಉತ್ತರ. ಮೊದಲನೆಯದು ಓದಿದ್ದು. ಕಾಕ್ರೇನ್ ಎಂಬ ಸಂಸ್ಥೆ 2010ರಲ್ಲಿ ಬೇರೆ ಬೇರೆ ದೇಶಗಳ 35 ಅಧ್ಯಯನಗಳನ್ನು ಜೊತೆಗಿಟ್ಟು ನೋಡಿತು. ಕ್ಯಾಮೆರಾ ಇದ್ದ ಜಾಗದ ಸುತ್ತ ಸಾವು ಮತ್ತು ದೊಡ್ಡ ಗಾಯದ ಅಪಘಾತ ಶೇ. 11ರಿಂದ 44ರವರೆಗೆ ಇಳಿದಿತ್ತು. ಅಧ್ಯಯನಗಳ ಗುಣಮಟ್ಟ ಅಷ್ಟಕ್ಕಷ್ಟೆ ಅಂತ ಅವರೇ ಒಪ್ಪಿಕೊಂಡಿದ್ದಾರೆ. ಆದರೆ ಎಲ್ಲ ಕಡೆಯ ಲೆಕ್ಕವೂ ಇಳಿಮುಖವೇ.

ಎರಡನೆಯದು ಅನುಭವಿಸಿದ್ದು, ಹೇಳಲು ನಾಚಿಕೆ. ಸಂಬಂಧಿಕರ ಮದುವೆಗೆ ಮೈಸೂರಿಗೆ ಹೊರಟಿದ್ದೆ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರು ನಾನೇ ಓಡಿಸುತ್ತಿದ್ದೆ. ಇಪ್ಪತ್ತೆರಡು ವರ್ಷದ ಅನುಭವ, ಒಂದು ಗೀರೂ ಇಲ್ಲ. ಮಿತಿ 100, ನಾನು 112. ಮದುವೆ ಊಟಕ್ಕೆ ಕೂರುವ ಮೊದಲೇ ಮೊಬೈಲಿಗೆ ಚಲನ್ ಬಂತು, ಒಂದು ಸಾವಿರ ರೂಪಾಯಿ. ವಾಪಸ್ ಬರುವಾಗ ನನ್ನ ಕಾಲು 95 ದಾಟಲಿಲ್ಲ. ಇಪ್ಪತ್ತೆರಡು ವರ್ಷದ ಅನುಭವ ಮಾಡದ ಕೆಲಸವನ್ನು ಆ ಒಂದು ಮೆಸೇಜ್ ಮಾಡಿತು. ಆ ರಸ್ತೆಯಲ್ಲಿ ಕ್ಯಾಮೆರಾ ಬಂದ ಮೇಲೆ ಸಾವು ತುಂಬಾ ಇಳಿಯಿತು ಅಂತ ಪೊಲೀಸರೂ ಹೇಳಿದ್ದಾರೆ. ಆದರೆ 2023ರ ಆಗಸ್ಟ್ 1ರಿಂದ ಅಲ್ಲಿ ಬೈಕ್, ಆಟೊಗಳನ್ನೂ ನಿಲ್ಲಿಸಿದ್ದಾರೆ. ಹಾಗಾಗಿ ಎಲ್ಲ ಪುಣ್ಯವನ್ನೂ ಕ್ಯಾಮೆರಾಗೇ ಕಟ್ಟಬೇಡಿ.

"ಕ್ಯಾಮೆರಾ ದಾಟಿದ ಕೂಡಲೇ ಮತ್ತೆ ಆಕ್ಸಿಲರೇಟರ್ ಒತ್ತುತ್ತಾರೆ" ಅಂತ ಸಭೆಯಲ್ಲಿ ಒಬ್ಬರು ಹೇಳಿದರು. ಒತ್ತುತ್ತಾರೆ, ನಿಜ. ನಮ್ಮ ಗೇಟಿನ ಆಚೀಚೆ ಮುನ್ನೂರು ಮೀಟರ್ ಒತ್ತದಿದ್ದರೆ ಸಾಕು ನನಗೆ. ಉಳಿದ ದಾರಿಗೆ ಎರಡು ಕಡೆ ಕ್ಯಾಮೆರಾ ಇಟ್ಟು, ನಡುವಿನ ದಾರಿಯ ಸರಾಸರಿ ವೇಗ ಅಳೆಯುವ ವ್ಯವಸ್ಥೆಯೂ ಉಂಟು. ಅದು ಸರ್ಕಾರದ ಕೆಲಸ. ಅಷ್ಟಕ್ಕೂ ಅಂಕೋಲೆಯಿಂದ ಕುಮಟೆಗೆ ಮೂವತ್ತು ಕಿ.ಮೀ. ಚಿಲ್ಲರೆ. 80ರ ಬದಲು 60ರಲ್ಲಿ ಹೋದರೆ ಜಾಸ್ತಿ ಹಿಡಿಯುವುದು ಏಳೆಂಟು ನಿಮಿಷ.

ನಿಮ್ಮಲ್ಲಿ ಹಲವರು ಇದೇ ಶಾಲೆಯಲ್ಲಿ ಓದಿದವರು. ಬೇಲೇಕೇರಿ ಬಂದರಿಗೆ ಅದಿರಿನ ಲಾರಿಗಳು ಸಾಲುಗಟ್ಟಿ ಹೋಗುತ್ತಿದ್ದ ದಿನಗಳು ನಿಮಗೆ ನೆನಪಿರಬೇಕು. ಕೆಂಪು ಧೂಳು, ಮನೆಗೆ ಹೋಗುವಷ್ಟರಲ್ಲಿ ಬಿಳಿ ಶರ್ಟು ಇಟ್ಟಿಗೆ ಬಣ್ಣ. ಆಗ ರಸ್ತೆ ಕಿರಿದು, ಲಾರಿ ಹಿಂದೆ ಲಾರಿ, ಎಷ್ಟೋ ಹೊತ್ತು ಎಲ್ಲ ತೆವಳುತ್ತಿದ್ದವು. ಈಗ ನಾಲ್ಕು ಪಥ, ನುಣುಪು ರಸ್ತೆ, ನಡುವೆ ಡಿವೈಡರ್. ಗೋಕರ್ಣಕ್ಕೆ ಹೊರಟ ಕಾರುಗಳು, ಮಂಜುಗಡ್ಡೆ ನೀರು ಸುರಿಸುತ್ತಾ ಹೋಗುವ ಮೀನಿನ ಲಾರಿಗಳು, ಎಲ್ಲಕ್ಕೂ ಹಾರುವ ಅವಸರ. ರಸ್ತೆ ಅಗಲ ಮಾಡಿದವರು ಅದನ್ನು ದಾಟುವ ಮಕ್ಕಳ ಬಗ್ಗೆ ಅಷ್ಟು ಯೋಚನೆ ಮಾಡಲಿಲ್ಲ. ಹೊರಗಿನವರನ್ನೇ ಬಯ್ಯುವುದೂ ಬೇಡ. ಯೂ ಟರ್ನ್ ದೂರ ಅಂತ ರಾಂಗ್ ಸೈಡಿನಲ್ಲಿ ಬರುವವರು ಯಾರು? ಅದರಲ್ಲಿ ಒಂದಿಬ್ಬರು ಸಭೆಯ ಮುಂದಿನ ಸಾಲಿನಲ್ಲೇ ಕೂತಿದ್ದರು, ಹೆಸರು ಹೇಳುವುದಿಲ್ಲ.

ಈಗ ನಾವು ಮಾಡುವುದೇನು ಅಂತ ಹೇಳುತ್ತೇನೆ. ಈ ವರ್ಷ ಶಾಲೆಯಲ್ಲಿ ಗಾಡಿ ಓಡಿಸುವ ಶಿಬಿರ ಇಲ್ಲ. ರಸ್ತೆ ದಾಟುವುದು, ಸೈಕಲ್ ಹೊಡೆಯುವುದು, ಮಳೆಯಲ್ಲಿ ಕಣ್ಣಿಗೆ ಬೀಳುವ ಬಣ್ಣದ ರೇನ್‌ಕೋಟ್ ಹಾಕುವುದು, ಇದನ್ನೆಲ್ಲ ಕಲಿಸುತ್ತೇವೆ. ಗೇಟಿನ ಮುಂದೆ ದಾಟುವ ಪಟ್ಟೆ, ರಸ್ತೆ ಉಬ್ಬುಗೆರೆ, ವೇಗದ ಫಲಕ, ಬೆಳಿಗ್ಗೆ ಮತ್ತು ಸಂಜೆ ಶಾಲೆ ಬಿಡುವ ಹೊತ್ತಿಗೆ ಸ್ಪೀಡ್ ಗನ್ ಹಿಡಿದ ಪೊಲೀಸರು ಬೇಕು ಅಂತ ಅರ್ಜಿ ಬರೆದಿದ್ದೇವೆ. ಒಂದು ಹೆದ್ದಾರಿಯವರಿಗೆ, ಒಂದು ಠಾಣೆಗೆ, ಒಂದು ಪಂಚಾಯತಿಗೆ. ಶುಕ್ರವಾರದವರೆಗೆ ಆಫೀಸಿನಲ್ಲಿ ಇರುತ್ತದೆ, ಬಂದು ಸಹಿ ಹಾಕಿ.

ಮತ್ತೆ, ಕೀ ವಿಷಯ. ಪೊಲೀಸರು ಹೆದ್ದಾರಿಯಲ್ಲಿ ನಿಲ್ಲುವ ಮೊದಲು ವೇಗವನ್ನು ತಡೆಯಬಹುದಾದ ಜಾಗ ನಿಮ್ಮ ಮನೆಯ ಗೋಡೆಯ ಮೊಳೆ. ನಮ್ಮ ಮಕ್ಕಳಿಗೆ ಹೆಚ್ಚೆಂದರೆ ಹದಿನಾರು ವರ್ಷ. ಕಾನೂನಿನಲ್ಲಿ ಹದಿನಾರಕ್ಕೆ ಸಿಗುವುದು 50 ಸಿಸಿಯೊಳಗಿನ ಗೇರಿಲ್ಲದ ಗಾಡಿಗೆ ಮಾತ್ರ, ಅದೂ ಲೈಸೆನ್ಸ್ ಮಾಡಿಸಿದರೆ. ನಿಮ್ಮ ಮನೆಯ ಸ್ಕೂಟಿ 110 ಸಿಸಿ. ಅದನ್ನು ಮಗ ಓಡಿಸಿ ಅನಾಹುತವಾದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ತಪ್ಪಿತಸ್ಥರು ಪೋಷಕರು ಅಥವಾ ಗಾಡಿಯ ಮಾಲೀಕರು. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. "ಹತ್ತಿರದ ಟ್ಯೂಷನ್ನಿಗೆ ಅಷ್ಟೇ" ಅನ್ನುವ ಮಾತು ಕೋರ್ಟಿನಲ್ಲಿ ನಡೆಯುವುದಿಲ್ಲ, ಅಲ್ವಾ?

ಸೋಮವಾರದಿಂದ ಮಾವಿನ ಮರದಡಿ ನಿಲ್ಲಿಸಿ ಬಂದರೂ, ಗಾಡಿಯಲ್ಲಿ ಬಂದ ವಿದ್ಯಾರ್ಥಿಯ ಕೀ ನನ್ನ ಬಳಿ ಇರುತ್ತದೆ. ಮಗ ಕೇಳಿದರೆ ಕೊಡುವುದಿಲ್ಲ. ಅಪ್ಪ ಅಥವಾ ಅಮ್ಮ ಬರಬೇಕು. ಎರಡನೇ ಸಲ ಆದರೆ ಠಾಣೆಗೆ ಬರೆಯುತ್ತೇನೆ. ನಿಷ್ಠುರ ಅನ್ನಿ, ಬೇಸರವಿಲ್ಲ.

ಹಾಗಾದರೆ ಕಲಿಕೆಯೇ ಬೇಡವೇ? ಬೇಕು. ಆದರೆ ಎರಡು ದಿನದ ಕಲಿಕೆಯಲ್ಲ. ನ್ಯೂಜಿಲೆಂಡಿನಲ್ಲಿ 1987ರಿಂದ ಹೊಸ ಚಾಲಕರಿಗೆ ಹಂತ ಹಂತವಾಗಿ ಲೈಸೆನ್ಸ್ ಕೊಡುತ್ತಾರೆ. ಮೊದಲು ಹಿರಿಯರು ಪಕ್ಕದಲ್ಲಿರಬೇಕು, ಆಮೇಲೆ ಒಬ್ಬನೇ, ಆದರೆ ತಡರಾತ್ರಿ ಇಲ್ಲ, ಗೆಳೆಯರನ್ನು ತುಂಬಿಕೊಳ್ಳುವ ಹಾಗಿಲ್ಲ. ಅದರಿಂದ ಎಳೆಯರ ಅಪಘಾತ ಇಳಿದಿದೆ. ನಮ್ಮಲ್ಲಿ ಎಲ್‌ಎಲ್‌ಆರ್ (ಕಲಿಕಾ ಲೈಸೆನ್ಸ್) ಆದ 30 ದಿನಕ್ಕೇ ಟೆಸ್ಟಿಗೆ ಹೋಗಬಹುದು. ಆದರೆ ಅದು ಆರು ತಿಂಗಳು ನಡೆಯುತ್ತದೆ. ಮಗಳಿಗೋ ಮಗನಿಗೋ ಹದಿನೆಂಟಾದ ಮೇಲೆ ಆ ಆರು ತಿಂಗಳನ್ನೂ ಪೂರ್ತಿ ಬಳಸಿ. ನೀವೇ ಹಿಂದೆ ಕೂತುಕೊಳ್ಳಿ. ಮೊದಲು ಊರೊಳಗೆ, ಆಮೇಲೆ ಮಳೆಯಲ್ಲಿ, ಆಮೇಲೆ ಮುಸ್ಸಂಜೆಯಲ್ಲಿ. ದೇವಿಮನೆ ಘಟ್ಟ ಎಲ್ಲಕ್ಕಿಂತ ಕೊನೆಗೆ. ಯಕ್ಷಗಾನ ನೋಡಿ ಬೆಳಗಿನ ಜಾವ ನಿದ್ದೆಗಣ್ಣಲ್ಲಿ ಬರುವಾಗ ಮಾತ್ರ ಕೀ ಕೊಡಬೇಡಿ. ನಿಮ್ಮ ಕೈಯಲ್ಲೂ ಇರದಿದ್ದರೆ ಇನ್ನೂ ಒಳ್ಳೆಯದು.

ನಿಮ್ಮ ವಿಶ್ವಾಸದ,
ಮುಖ್ಯ ಶಿಕ್ಷಕಿ

ತಾ.ಕ.: ಸೋಮವಾರಕ್ಕೆ ಕಾಯಲಿಲ್ಲ, ನಿನ್ನೆಯೇ ಶುರು ಮಾಡಿದೆ. ನನ್ನ ಮೇಜಿನ ಡ್ರಾವರಿನಲ್ಲಿ ಈಗ ಮೂರು ಕೀಗಳಿವೆ. ಒಂದಕ್ಕೆ ಯಕ್ಷಗಾನದ ಕಿರೀಟದ ಗೊಂಚಲು, ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಏನೂ ಇಲ್ಲ. ಗಾಡಿಗಳು ಮಾವಿನ ಮರದಡಿಯೇ ಇವೆ, ಮಳೆಗೆ ನೆನೆಯುತ್ತಿವೆ. ನಾಲ್ಕೂವರೆಯವರೆಗೆ ಆಫೀಸಿನಲ್ಲಿ ಇರುತ್ತೇನೆ.